ಕೋಡಿಯ ದಾರಿಯಲ್ಲಿ ಮನೆ

2022ರ ಸೆಪ್ಟೆಂಬರ್ 5, ಸೋಮವಾರ. ಶಿಕ್ಷಕರ ದಿನಾಚರಣೆಯಾದ್ದರಿಂದ ಅಂದು ಬೆಳಗಿನಿಂದಲೇ ಹಳೆಯ ವಿದ್ಯಾರ್ಥಿಗಳ ದೂರವಾಣಿ ಕರೆಗಳು ಬರುವುದು ವಾಡಿಕೆ. ಆದರೆ ಆರೂವರೆಗೆಲ್ಲ ಬಂದ ಮೊದಲ ಕರೆ ಶುಭಾಶಯದ್ದಾಗಿರಲಿಲ್ಲ. ಸರ್ಜಾಪುರ ರಸ್ತೆಯ ಬಡಾವಣೆಯೊಂದರಲ್ಲಿ ಮನೆ ಮಾಡಿಕೊಂಡಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳು ಮಹಡಿಯ ಮೆಟ್ಟಿಲ ಮೇಲೆ ಕುಳಿತು ಮಾತನಾಡುತ್ತಿದ್ದಳು. ಕೆಳಗಿನ ಕೋಣೆಯಲ್ಲಿ ಸೊಂಟದ ಮಟ್ಟ ನೀರು. ಅತ್ತೆಯವರನ್ನೂ ಮಗನನ್ನೂ ಮೇಲಕ್ಕೆ ಸಾಗಿಸಿಯಾಗಿತ್ತು. "ಸಾರ್, ಮಳೆ ನಿಂತು ಎರಡು ಗಂಟೆಯಾಯಿತು. ನೀರು ಮಾತ್ರ ಏರುತ್ತಲೇ ಇದೆ. ಎಲ್ಲಿಂದ ಬರುತ್ತಿದೆ ಎನ್ನುವುದೇ ತಿಳಿಯುತ್ತಿಲ್ಲ" ಎಂದಳು.

ಆಕೆ ದಡ್ಡಿಯಲ್ಲ. ಗಣಿತದಲ್ಲಿ ನನ್ನ ತರಗತಿಗೇ ಮೊದಲಿಗಳಾಗಿದ್ದವಳು, ದೊಡ್ಡ ಸಂಸ್ಥೆಯಲ್ಲಿ ಎಂಜಿನಿಯರ್. ಆದರೂ ತನ್ನ ಮನೆಗೆ ನೀರು ಯಾವ ದಿಕ್ಕಿನಿಂದ ಬರುತ್ತದೆ ಎಂಬುದು ಆಕೆಗೆ ಗೊತ್ತಿರಲಿಲ್ಲ. ಐವತ್ತು ವರ್ಷಗಳ ಹಿಂದೆ ಅದೇ ನೆಲದಲ್ಲಿ ದನ ಮೇಯಿಸುತ್ತಿದ್ದ ಹುಡುಗನನ್ನು ಕೇಳಿದ್ದರೆ ಕಣ್ಣು ಮುಚ್ಚಿ ಹೇಳುತ್ತಿದ್ದ. ಈ ತಿಳಿವಳಿಕೆ ನಮ್ಮಿಂದ ಹೇಗೆ ಜಾರಿಹೋಯಿತು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಕಾಡುತ್ತಿದೆ.

ಬೆಂಗಳೂರಿಗೆ ಸಮುದ್ರವಿಲ್ಲ, ದೊಡ್ಡ ನದಿಯಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿಗೂ ಪ್ರವಾಹಕ್ಕೂ ಎತ್ತಣಿಂದೆತ್ತಣ ಸಂಬಂಧ ಎಂದು ನಾವು ಮಕ್ಕಳಿಗೆ ಪಾಠ ಹೇಳಿದ್ದುಂಟು. ಆದರೆ ಕಡಲು ನಮಗೆ ಅಪರಿಚಿತವಲ್ಲ. "ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ" ಎಂಬ ಆಕಾಶವಾಣಿಯ ಮಾತು ಕಿವಿಗೆ ಬಿದ್ದರೆ ನಮ್ಮ ತಾಯಂದಿರು ಒಣಹಾಕಿದ ರಾಗಿಯನ್ನು ಒಳಗೆ ಎಳೆಯುತ್ತಿದ್ದರು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ತಮಿಳುನಾಡು, ಆಂಧ್ರದ ತೀರಗಳಿಗೆ ಅಪ್ಪಳಿಸುವ ಚಂಡಮಾರುತಗಳು ಗಾಳಿಯ ರಭಸವನ್ನು ಅಲ್ಲೇ ಕಳೆದುಕೊಂಡು, ಮಳೆಯನ್ನು ಮಾತ್ರ ಹೊತ್ತು ನಮ್ಮತ್ತ ಬರುತ್ತವೆ. 2024ರ ನವೆಂಬರ್ ಕೊನೆಯಲ್ಲಿ ಪುದುಚೇರಿಯ ಬಳಿ ದಡ ಸೇರಿದ ಫೆಂಗಲ್ ಹೀಗೆಯೇ ಬೆಂಗಳೂರನ್ನು ದಿನಗಟ್ಟಲೆ ನೆನೆಸಿತು. ನೈಋತ್ಯ ಮಾರುತ ಹಿಂದಿರುಗುವ ಮುನ್ನ, ಸೆಪ್ಟೆಂಬರಿನಲ್ಲಿ, ಗುಡುಗು ಸಹಿತ ಸುರಿಯುವ ರಾತ್ರಿಮಳೆ ಬೇರೆ. ನಮಗೆ ವರ್ಷದಲ್ಲಿ ಅತಿ ಹೆಚ್ಚು ಮಳೆ ಬೀಳುವ ತಿಂಗಳು ಅದೇ.

ಊರು ಕುಳಿತಿರುವುದು ಒಂದು ದಿಣ್ಣೆಯ ಬೆನ್ನ ಮೇಲೆ. ಅದರ ಪಶ್ಚಿಮಕ್ಕೆ ಬಿದ್ದ ಹನಿ, ಪೀಣ್ಯದ ಕಡೆಯದು, ವೃಷಭಾವತಿಯ ಮೂಲಕ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳದ ಕಣಿವೆ ಅಥವಾ ಕೋರಮಂಗಲ-ಚಲ್ಲಘಟ್ಟ ಕಣಿವೆಯನ್ನು ಹಿಡಿದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಈ ಕಣಿವೆಗಳಲ್ಲಿ ನದಿ ಹರಿಯದಿದ್ದದ್ದಕ್ಕೆ ಕಾರಣ, ನಮ್ಮ ಹಿರಿಯರು ಒಂದರ ಕೆಳಗೊಂದು ಕೆರೆ ಕಟ್ಟಿ ನೀರನ್ನು ಮೆಟ್ಟಿಲು ಇಳಿಸಿದಂತೆ ಇಳಿಸಿದ್ದು. ಕಸವನಹಳ್ಳಿ ಕೆರೆ ತುಂಬಿದರೆ ಕೈಕೊಂಡ್ರಹಳ್ಳಿಗೆ, ಅದು ತುಂಬಿದರೆ ಸೌಳ್ ಕೆರೆಗೆ, ಅಲ್ಲಿಂದ ಬೆಳ್ಳಂದೂರಿಗೆ. ಬೆಳ್ಳಂದೂರಿನದು ಸುಮಾರು 900 ಎಕರೆಯ ವಿಸ್ತಾರ. ಅದು ಉಕ್ಕಿದರೆ ವರ್ತೂರು, ಆಮೇಲೆ ಪಿನಾಕಿನಿ.

ಇದು ಬಹು ಹಳೆಯ ಏರ್ಪಾಡು. ಈಗ ಹೊರವರ್ತುಲ ರಸ್ತೆಯ ಪಕ್ಕದಲ್ಲಿರುವ ಅಗರದಲ್ಲಿ ಗಂಗರ ಕಾಲದ, ಒಂಬತ್ತನೆಯ ಶತಮಾನದ ಶಾಸನವೊಂದಿದೆ. ಕೆರೆಗಳಿಗೆ ತೂಬು ಇಡಿಸಿ, ಹೊಸದೊಂದು ಕೆರೆಯನ್ನೂ ಕಟ್ಟಿಸಿದವನಿಗೆ 'ಬಿತ್ತುವಟ್ಟ' ದೊರೆತದ್ದನ್ನು ಅದು ಹೇಳುತ್ತದೆ. ಬಿತ್ತುವಟ್ಟವೆಂದರೆ ಕೆರೆಯನ್ನು ಕಟ್ಟಿಸಿದ, ನೋಡಿಕೊಂಡ ಕೆಲಸಕ್ಕಾಗಿ ಬಿಟ್ಟುಕೊಡುತ್ತಿದ್ದ ಭೂಮಿ ಅಥವಾ ಬೆಳೆಯ ಪಾಲು. ವೈಟ್‌ಫೀಲ್ಡ್ ನೆರೆಯ ಕಾಡುಗೋಡಿಯ ಕಡೆಯೂ ಹನ್ನೊಂದನೆಯ ಶತಮಾನದ ಚೋಳರ ಕಾಲದ ಶಾಸನವೊಂದು ಪಟ್ಟಂದೂರಿನ ಕೆರೆಯನ್ನೂ ತೂಬನ್ನೂ ಹೆಸರಿಸುತ್ತದೆ. ಇಂದು ಆ ದಾರಿಯಲ್ಲಿ ದಿನವೂ ಸಾವಿರಾರು ಬಸ್ಸು, ಕಾರುಗಳು ಓಡಾಡುತ್ತವೆ. ಕಲ್ಲಿನ ಮುಂದೆ ನಿಲ್ಲುವವರು ವಿರಳ.

ಶಾಸನ ಬರೆಸಿದವರು ಪ್ರಭುಗಳು, ಕೆರೆ ಕಾದವನು ನೀರಗಂಟಿ. ತೂಬು ಎತ್ತುವುದು, ಗದ್ದೆಗದ್ದೆಗೆ ನೀರು ಹಂಚುವುದು, ಕಾಲುವೆಯ ಹೂಳು ತೆಗೆಸುವುದು, ಜೋರು ಮಳೆಯ ರಾತ್ರಿಗಳಲ್ಲಿ ಕಂಬಳಿ ಹೊದ್ದು ಏರಿಯ ಮೇಲೆ ಅಡ್ಡಾಡುತ್ತ ಬಿರುಕು, ಇಲಿಬಿಲಗಳನ್ನು ಹುಡುಕುವುದು ಎಲ್ಲವೂ ಅವನದೇ. ಕೆರೆಯ ರಕ್ಷಣೆಗಾಗಿ ಬಿಟ್ಟ ಭೂಮಿಗೆ ಕಟ್ಟೆಕೊಡಗಿ ಎಂಬ ಹೆಸರಿತ್ತು. ಹೀಗಾಗಿ ಮಳೆಗಾಲದ ಸಿದ್ಧತೆಯ ಮುಕ್ಕಾಲು ಪಾಲು ಮನೆಯ ಹೊಸ್ತಿಲಿಗೆ ಬರುವ ಮೊದಲೇ ಏರಿಯ ಮೇಲೆ ಮುಗಿದುಹೋಗುತ್ತಿತ್ತು. ಮನೆಯವರಿಗೆ ಉಳಿಯುತ್ತಿದ್ದದ್ದು ಹೆಂಚು ಕೈಯಾಡಿಸುವುದು, ಸೌದೆಯನ್ನು ಅಟ್ಟಕ್ಕೇರಿಸುವುದು, ಹಿತ್ತಲಿನ ಮೋರಿ ಬಿಡಿಸುವುದು, ಇಷ್ಟೇ.

ಹಗೇವನ್ನು ಮರೆಯಬಾರದು. ಇಂದಿನ ಮಕ್ಕಳಿಗೆ ಆ ಶಬ್ದವೇ ತಿಳಿಯದು. ನೆಲದಲ್ಲಿ ಹೂಜಿಯಾಕಾರದ ಗುಂಡಿ ತೋಡಿ ರಾಗಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಆದರೆ ತೇವ ಸೇರಿದರೆ ಇಡೀ ಕುಟುಂಬದ ಅನ್ನ ಮಣ್ಣುಪಾಲು. ಆದ್ದರಿಂದ ಎಂತಹ ಮಳೆಗೂ ನೀರು ನಿಲ್ಲದ ಗಟ್ಟಿ ದಿಣ್ಣೆಯನ್ನೇ ಹುಡುಕಿ ಅದನ್ನು ತೋಡುತ್ತಿದ್ದರು. ಹಗೇವು ಎಲ್ಲಿದೆಯೆಂದು ನೋಡಿದರೆ ಊರಿನ ಒಣನೆಲ ಯಾವುದೆಂದು ತಿಳಿಯುತ್ತಿತ್ತು. ಬಹುಕಾಲ ಮುಚ್ಚಿದ್ದ ಹಗೇವನ್ನು ತೆರೆದೊಡನೆ ಯಾರೂ ಒಳಗಿಳಿಯುತ್ತಿರಲಿಲ್ಲ. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುವುದು, ದೀಪ ನಂದಿದರೆ ಒಳಗೆ ಕೆಟ್ಟ ಗಾಳಿಯಿದೆಯೆಂದು ಕಾಯುವುದು. ಈ ದೀಪದ ಮಾತು ಮುಂದೆ ಬೇಕಾಗುತ್ತದೆ, ನೆನಪಿರಲಿ.

ಇನ್ನು ಪಂಚಾಂಗದ ಮಳೆ ನಕ್ಷತ್ರಗಳು. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ", "ಆರಿದ್ರೆ ಗುಡುಗಿದರೆ ಆರು ಮಳೆ ಇಲ್ಲ" ಎಂಬ ಗಾದೆಗಳನ್ನು ಹವಾಮಾನ ವಿಜ್ಞಾನವೆಂದು ನಾನು ವಾದಿಸುವುದಿಲ್ಲ. ಆದರೆ ವರ್ಷವನ್ನು ಹದಿಮೂರು ಹದಿನಾಲ್ಕು ದಿನಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನಲ್ಲೂ ಏನು ಕೆಲಸ ಮುಗಿದಿರಬೇಕೆಂದು ಅವು ನೆನಪಿಸುತ್ತಿದ್ದವು. ಆಗಸ್ಟ್ ಕೊನೆಗೆ ಹುಬ್ಬೆ ಕಾಲಿಡುವ ಮುನ್ನ ಕೋಡಿಯ ಬಾಯಿ ಶುಚಿಯಾಗಿರಬೇಕು. ಕೋಡಿಯೆಂದರೆ ತುಂಬಿದ ಕೆರೆಯ ಹೆಚ್ಚುವರಿ ನೀರು ಹೊರಬೀಳುವ ಜಾಗ. ಕೋಡಿ ಬಿದ್ದ ದಿನ ಊರಿಗೆ ಹಬ್ಬ. ಗಂಗೆಗೆ ಬಾಗಿನ ಕೊಡಲು ಹೆಂಗಸರು ಹೊರಟರೆ ನಮಗೆ ಶಾಲೆಗೆ ರಜೆ. ಆ ನೀರಿನ ದಾರಿಯಲ್ಲಿ ಮನೆ ಕಟ್ಟುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ.

ಹಳೆಯ ಕಾಲವೆಲ್ಲ ಚಿನ್ನವೆಂದು ಹೇಳಲಾರೆ. ನೀರಗಂಟಿಕೆ ಹುಟ್ಟಿನಿಂದ ಬರುತ್ತಿದ್ದ ಕೆಲಸ. ಬಹುತೇಕ ಕಡೆ ದಲಿತ ಕುಟುಂಬಗಳ ಹೆಗಲಿಗೆ ಬಿದ್ದದ್ದು. ಏರಿಯನ್ನು ರಾತ್ರಿಯೆಲ್ಲ ಕಾದವನಿಗೆ ಹಗಲಲ್ಲಿ ಊರ ಬಾವಿಯ ನೀರು ಮುಟ್ಟುವಂತಿರಲಿಲ್ಲ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಪಡಿಸಿದ 1961ರ ಕಾಯಿದೆ 1963ರಲ್ಲಿ ಜಾರಿಗೆ ಬಂದದ್ದು ನ್ಯಾಯವೇ. ಅನ್ಯಾಯ ಹೋಯಿತು, ಸರಿ. ಅದರ ಜೊತೆಗಿದ್ದ ಕೆಲಸವನ್ನು ಸಂಬಳ ಕೊಟ್ಟು, ಗೌರವ ಕೊಟ್ಟು ಯಾರಿಗಾದರೂ ವಹಿಸಬೇಕಾಗಿತ್ತು. ಕೆರೆಗಳು ಇಲಾಖೆಯಿಂದ ಇಲಾಖೆಗೆ ಅಲೆದವು, ಏರಿಯ ಮೇಲಿನ ಕಂಬಳಿಯವನ ಜಾಗ ಖಾಲಿಯೇ ಉಳಿಯಿತು.

ಅಷ್ಟರಲ್ಲಿ ಊರು ಹೊರಕ್ಕೆ ಹರಡತೊಡಗಿತ್ತು. 1882ರಲ್ಲಿ ಮೈಸೂರು ಅರಸರು ಕೊಟ್ಟ ಜಮೀನಿನಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳಿಗಾಗಿ ವೈಟ್‌ಫೀಲ್ಡ್ ಹುಟ್ಟಿದಾಗ ವೃತ್ತಾಕಾರದ ಬಯಲಿನ ಸುತ್ತ ಮನೆಗಳೆದ್ದವು. ಕೆರೆಗಳ ತಗ್ಗು ಗದ್ದೆಗಳಾಗಿಯೇ ಉಳಿದಿತ್ತು. 1970ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ವಸಾಹತು, 1978ರ ಹೊತ್ತಿಗೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಆರ್. ಕೆ. ಬಾಳಿಗರ ಕನಸಿನ ಎಲೆಕ್ಟ್ರಾನಿಕ್ ಸಿಟಿ, 1990ರ ದಶಕದಲ್ಲಿ ವೈಟ್‌ಫೀಲ್ಡಿನ ಟೆಕ್ ಪಾರ್ಕ್ ಬಂದವು. ಇವುಗಳಲ್ಲಿ ದುಡಿಯುವವರಿಗೆ ಮನೆ ಬೇಕು. ದಿಣ್ಣೆಯ ಜಾಗ ಮುಗಿದ ಮೇಲೆ ಬಡಾವಣೆಗಳು ಗದ್ದೆಗಿಳಿದವು. ಕೆರೆಯ ಕೆಳಗಿನ ಗದ್ದೆ ಎಂಬುದು ಕೆರೆಯ ನೀರು ಹೋಗಲೆಂದೇ ಇದ್ದ ಜಾಗವೆಂದು ಕೊಳ್ಳುವವರಿಗೆ ಯಾರೂ ಹೇಳಲಿಲ್ಲ.

ಊರ ಹೆಸರುಗಳು ಮಾತ್ರ ಹೇಳುತ್ತಲೇ ಇದ್ದವು. 2016ರ ಜುಲೈ ಕೊನೆಯಲ್ಲಿ ಬೊಮ್ಮನಹಳ್ಳಿ ಬಳಿಯ ಬಡಾವಣೆಯೊಂದರ ಬೀದಿಗಳಲ್ಲಿ ದೋಣಿ ಓಡಿದ್ದು, ಜನ ರಸ್ತೆಯಲ್ಲಿ ಮೀನು ಹಿಡಿದದ್ದು ಪತ್ರಿಕೆಗಳಲ್ಲಿ ಬಂದದ್ದು ನಿಮಗೆ ನೆನಪಿರಬಹುದು. ಆ ಊರಿನ ಹೆಸರು ಕೋಡಿಚಿಕ್ಕನಹಳ್ಳಿ! 2019ರ ನವೆಂಬರಿನಲ್ಲಿ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. 2021ರ ನವೆಂಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರದ ನಿವಾಸಿಗಳನ್ನು ದೋಣಿಗಳಲ್ಲಿ ಕರೆತರಬೇಕಾಯಿತು. 2024ರ ಅಕ್ಟೋಬರಿನಲ್ಲಿ ಅಲ್ಲಿ ಮತ್ತೆ ಅದೇ ಕತೆ.

ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. 2022ರ ಗಣೇಶನ ಹಬ್ಬದ ಹಿಂದಿನ ದಿನಗಳ ಮಳೆಗೇ ಮೇಲಿನ ಕೆರೆಗಳು ತುಂಬಿ ನಿಂತಿದ್ದವು. ಹೊರವರ್ತುಲ ರಸ್ತೆಯಲ್ಲಿ ಸಿಲುಕಿದ ನೌಕರರ ಹೊತ್ತು ಹಾಳಾಗಿ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಅಲ್ಲಿನ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆದದ್ದು ಆಗಲೇ. ಅದಾದ ಮೇಲೆ ಸೆಪ್ಟೆಂಬರ್ 4ರ ರಾತ್ರಿ 131 ಮಿಲಿಮೀಟರಿಗೂ ಹೆಚ್ಚು ಮಳೆ. ಮೇಷ್ಟರ ಚಟ, ಲೆಕ್ಕ ಹಾಕುತ್ತೇನೆ: ಮೂವತ್ತು ನಲವತ್ತರ ಒಂದು ನಿವೇಶನದ ಮೇಲೆ ಅಷ್ಟು ಮಳೆ ಬಿದ್ದರೆ 14,000 ಲೀಟರಿಗೂ ಮಿಗಿಲು ನೀರು, ಎಂದರೆ ಎರಡು ಟ್ಯಾಂಕರಿಗೂ ಹೆಚ್ಚು. ಹಿಂದೆ ಇದಕ್ಕಿಂತ ದೊಡ್ಡ ಮಳೆಗಳು ಬಂದಿವೆ. ನಗರದ ವೀಕ್ಷಣಾಲಯ 1988ರ ಸೆಪ್ಟೆಂಬರ್ 12ರಂದು 177 ಮಿಲಿಮೀಟರ್ ದಾಖಲಿಸಿತ್ತು. ಆಗ ಆ ನೀರಿನ ಬಹುಪಾಲನ್ನು ಹೊಲಗಳು ಹೀರಿದವು, ಗದ್ದೆಗಳು ಹಿಡಿದವು. 2022ರಲ್ಲಿ ಕಾಂಕ್ರೀಟು ಅಷ್ಟನ್ನೂ ಕೆಳಕ್ಕೆ ದಾಟಿಸಿತು. ಮಳೆ ನಿಂತ ಎರಡು ಗಂಟೆಯ ಮೇಲೂ ನೀರು ಏರಿದ್ದು ಇದಕ್ಕೇ. ಆಕೆಯ ಮನೆಗೆ ಬಂದದ್ದು ಅವಳ ತಲೆಯ ಮೇಲಿನ ಮಳೆಯಲ್ಲ, ಮೇಲಿನ ಕೆರೆಯ ಕೋಡಿ.

ಅಂದು ಯಮಲೂರು, ಸರ್ಜಾಪುರ ರಸ್ತೆಗಳಲ್ಲಿ ಟ್ರಾಕ್ಟರಿನ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತವರ ಚಿತ್ರಗಳನ್ನು ದೇಶವೇ ನೋಡಿ ನಕ್ಕಿತು. ನನಗೆ ನಗು ಬರಲಿಲ್ಲ. 5ರ ರಾತ್ರಿ ವೈಟ್‌ಫೀಲ್ಡ್ ರಸ್ತೆಯ ಸಿದ್ದಾಪುರದ ಬಳಿ ನೀರು ತುಂಬಿದ ದಾರಿಯಲ್ಲಿ ಸ್ಕೂಟರ್ ನಿಂತುಹೋಗಿ, ಆಸರೆಗೆಂದು ವಿದ್ಯುತ್ ಕಂಬವನ್ನು ಹಿಡಿದ ಇಪ್ಪತ್ತಮೂರು ವರ್ಷದ ಹೆಣ್ಣುಮಗಳು ಅಲ್ಲೇ ಜೀವಬಿಟ್ಟಳು. 2025ರ ಮೇ ತಿಂಗಳಲ್ಲಿ ಬಿ.ಟಿ.ಎಂ. ಬಡಾವಣೆಯ ಕಡೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ನೀರನ್ನು ಪಂಪು ಹಾಕಿ ಹೊರಹಾಕುವಾಗ ಒಬ್ಬ ಹಿರಿಯರೂ ಒಬ್ಬ ಬಾಲಕನೂ ವಿದ್ಯುತ್ತಿಗೆ ಬಲಿಯಾದರು. ನಮ್ಮ ಪ್ರವಾಹಗಳಲ್ಲಿ ಮುಳುಗಿ ಸಾಯುವುದರಷ್ಟೇ ವಿದ್ಯುತ್ತಿನ ಭಯವಿದೆ. ಹಳೆಯ ನೀರಗಂಟಿಗೆ ಈ ಶತ್ರುವಿನ ಪರಿಚಯವಿರಲಿಲ್ಲ. ಇದನ್ನು ನಾವೇ ಕಲಿಯಬೇಕು.

ಆ ಬೆಳಿಗ್ಗೆ ನಾನು ಆಕೆಗೆ ಮೊದಲು ಕೇಳಿದ್ದು ಮೇನ್ ಸ್ವಿಚ್ ಎಲ್ಲಿದೆ ಎಂದು. ಪುಣ್ಯಕ್ಕೆ ಅದು ಮೆಟ್ಟಿಲ ಬಳಿ ಎತ್ತರದಲ್ಲಿತ್ತು, ರಾತ್ರಿಯೇ ಆರಿಸಿದ್ದಳು. ಆದರೆ ಇನ್ವರ್ಟರ್ ನೆಲದ ಮೇಲಿತ್ತು! ಬೀದಿಯ ವಿದ್ಯುತ್ ಹೋದರೂ, ಮೇನ್ ಆರಿಸಿದರೂ, ಇನ್ವರ್ಟರ್ ತನ್ನಷ್ಟಕ್ಕೆ ತಾನೇ ಮನೆಯ ತಂತಿಗಳಿಗೆ ವಿದ್ಯುತ್ ಹರಿಸುತ್ತಿರುತ್ತದೆ ಎಂಬುದನ್ನು ಎಂಜಿನಿಯರುಗಳೂ ಮರೆಯುತ್ತಾರೆ. ಯಾರೂ ಕೆಳಗಿಳಿಯಬೇಡಿ, ಒಂದು ಪಾತ್ರೆ ತೇಲಿಹೋದರೂ ಹೋಗಲಿ ಎಂದೆ. ಮಧ್ಯಾಹ್ನ ಟ್ರಾಕ್ಟರ್ ಬಂದು ಅವರನ್ನು ಕರೆದೊಯ್ದಿತು. ಅತ್ತೆಯವರ ಇನ್ಸುಲಿನ್ ಕೆಳಗಿನ ಫ್ರಿಜ್ಜಿನಲ್ಲೇ ಉಳಿದಿತ್ತು. ಆ ರಾತ್ರಿ ನಂಟರ ಮನೆಯಲ್ಲೂ ವಿದ್ಯುತ್ ಇಲ್ಲದೆ, ಹೊಸದಾಗಿ ಕೊಂಡ ಔಷಧಿಯನ್ನು ಒದ್ದೆ ಮರಳಿನ ಮೇಲಿಟ್ಟ ಮಣ್ಣಿನ ಮಡಕೆಯಲ್ಲಿ ತಂಪಾಗಿಟ್ಟರಂತೆ. ಅಜ್ಜಿಯ ಉಪಾಯ, ಇಂದಿಗೂ ನಡೆಯುತ್ತದೆ.

ಇನ್ನೊಂದು ವಿಪರ್ಯಾಸ. ಮನೆತುಂಬ ನೀರಿದ್ದ ಆ ದಿನಗಳಲ್ಲೇ ಬೆಂಗಳೂರಿಗೆ ಕುಡಿಯುವ ನೀರಿರಲಿಲ್ಲ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಪಂಪಿಂಗ್ ಕೇಂದ್ರಕ್ಕೇ ನೀರು ನುಗ್ಗಿ ಕಾವೇರಿ ಸರಬರಾಜು ನಿಂತಿತ್ತು. ಮಹಡಿಯ ಮೇಲೆ ಮುಚ್ಚಿದ ಎರಡು ಕ್ಯಾನ್ ನೀರು, ಅವಲಕ್ಕಿ, ಔಷಧಿ, ಟಾರ್ಚು, ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟುಕೊಂಡಿರಬೇಕೆಂದು ಹೇಳಿದರೆ ಕೆಲವರು ನಗುತ್ತಾರೆ. ನಗಲಿ. ಸೆಪ್ಟೆಂಬರಿಗೆ ಮೊದಲು ಕಟ್ಟಿಡಿ, ಡಿಸೆಂಬರಿನಲ್ಲಿ ಬಿಚ್ಚಿ. ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವವರು ಮಳೆಯ ಮುನ್ಸೂಚನೆ ಬಂದ ಸಂಜೆಯೇ ಅದನ್ನು ದಿಣ್ಣೆಯ ಮೇಲೆ ಬಿಡಲಿ. ನೀರು ನುಗ್ಗುವಾಗ ಕಾರು ತೆಗೆಯಲು ಕೆಳಗಿಳಿಯುವುದು ಕೂಡದು. ಲಿಫ್ಟನ್ನು ಮೇಲಿನ ಮಹಡಿಯಲ್ಲಿ ನಿಲ್ಲಿಸಿ ಆರಿಸಿ. ಗ್ಯಾಸಿನ ರೆಗ್ಯುಲೇಟರ್ ಮುಚ್ಚಿ, ಸಿಲಿಂಡರ್ ತೇಲದಂತೆ ಕಟ್ಟಿ. ಬೀದಿಯ ನೀರಲ್ಲಿ ನಡೆಯಲೇಬೇಕಾದರೆ ಕಂಬ, ಟ್ರಾನ್ಸ್‌ಫಾರ್ಮರ್, ಜೋತುಬಿದ್ದ ತಂತಿಗಳಿಂದ ದೂರವಿರಿ, ಕೋಲೊಂದು ಕೈಯಲ್ಲಿರಲಿ, ಬಾಯ್ದೆರೆದ ಮ್ಯಾನ್‌ಹೋಲು ಕಾಣುವುದಿಲ್ಲ. ಹರಿಯುವ ನೀರು ಒಂದಡಿ ಇದ್ದರೂ ಸಣ್ಣ ಕಾರನ್ನು ಎತ್ತಬಲ್ಲದು. 2023ರ ಮೇ 21ರಂದು ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಕಾರಿನೊಳಗೆ ಸಿಲುಕಿ ಯುವತಿಯೊಬ್ಬಳು ತೀರಿಹೋದದ್ದನ್ನು ಮರೆಯದಿರೋಣ.

ನೀರು ಇಳಿದ ಮೇಲಿನ ಕೆಲಸ ಇನ್ನೂ ಕಠಿಣ. ಮೂರನೆಯ ದಿನ ನಾನೂ ಹೋಗಿದ್ದೆ. ಗೋಡೆಯ ಮೇಲೆ ಒಂದೇ ಮಟ್ಟದಲ್ಲಿ ಎಳೆದಂತೆ ಕೆಸರಿನ ಗೆರೆ, ಉಬ್ಬಿದ ಬಾಗಿಲು, ಚರಂಡಿಯ ವಾಸನೆ. ಒಳಗೆ ಹೋದೊಡನೆ ಆಕೆಯ ಮಗ ಸ್ವಿಚ್ಚಿನತ್ತ ಕೈಚಾಚಿದ! ಹುಡುಗನನ್ನು ಹಿಂದಕ್ಕೆಳೆದೆ. ಗೋಡೆಯೊಳಗಿನ ಪೈಪುಗಳಲ್ಲಿ ಇನ್ನೂ ನೀರಿತ್ತು. ಎಲೆಕ್ಟ್ರಿಷಿಯನ್ ಬಂದು ಪ್ರತಿ ಪ್ಲಗ್ಗನ್ನೂ ಬಿಚ್ಚಿ ಒಣಗಿಸಿ ಪರೀಕ್ಷಿಸುವವರೆಗೆ ಟಾರ್ಚಿನ ಬೆಳಕೇ ಗತಿ. ಬೀದಿಯಲ್ಲಿ ತಂತಿ ಬಿದ್ದಿದ್ದರೆ ಮುಟ್ಟದೆ ಬೆಸ್ಕಾಂನ 1912ಕ್ಕೆ ತಿಳಿಸಬೇಕು. ನೀರು ಹೊಕ್ಕ ಕಾರನ್ನು ಚಾಲೂ ಮಾಡಿ ನೋಡಿದವರೆಲ್ಲ ಎಂಜಿನ್ ಕಳೆದುಕೊಂಡರು. ಮೊದಲು ಎಲ್ಲದರ ಚಿತ್ರ ತೆಗೆದು ವಿಮೆಯವರಿಗೆ ತಿಳಿಸಿ, ಆಮೇಲೆ ಎಳೆದೊಯ್ಯಿಸುವುದು ಕ್ರಮ.

ಸಂಪು ತುಂಬ ಚರಂಡಿ ಬೆರೆತ ನೀರು. ಅದನ್ನು ಬರಿದು ಮಾಡಿ, ಬ್ಲೀಚಿಂಗ್ ಪುಡಿಯ ದ್ರಾವಣದಿಂದ ಗೋಡೆ ಉಜ್ಜಿ, ತೊಳೆದು, ಮೊದಲ ಸಲ ತುಂಬಿದ ನೀರನ್ನು ಚೆಲ್ಲಿಬಿಡಬೇಕು. ಅಲ್ಲಿಯವರೆಗೆ ಕುಡಿಯುವ ನೀರು ಕೊತಕೊತ ಕುದಿಯಲಿ. ಶುಚಿ ಮಾಡಲು ಬಂದ ಕೂಲಿ ಹುಡುಗ ಮುಚ್ಚಳ ತೆಗೆದು ಥಟ್ಟನೆ ಇಳಿಯಲು ಹೊರಟ. ಹಗೇವಿನ ದೀಪ ನನಗೆ ನೆನಪಾದದ್ದು ಆಗಲೇ. ಮುಚ್ಚಿದ ಸಂಪುಗಳಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿ ನಮ್ಮ ನಗರದಲ್ಲಿ ಆಗಾಗ ಬರುತ್ತದೆ. ಒಬ್ಬನನ್ನು ಎತ್ತಲು ಇಳಿದ ಇನ್ನೊಬ್ಬನೂ ಏಳುವುದಿಲ್ಲ. ಇಂದು ದೀಪ ಇಳಿಬಿಡಿ ಎನ್ನಲಾರೆ, ಒಳಗೆ ಉರಿಯುವ ಅನಿಲವಿದ್ದರೆ ಅದೇ ಅಪಾಯ. ಆದರೆ ಆ ದೀಪದ ಹಿಂದಿದ್ದ ಅನುಮಾನ ಇರಲೇಬೇಕು. ಮುಚ್ಚಳ ತೆರೆದು ಬಹಳ ಹೊತ್ತು ಗಾಳಿಯಾಡಿಸಿ, ಆದಷ್ಟನ್ನು ಮೇಲಿನಿಂದಲೇ ಉದ್ದ ಕೋಲಿನ ಪೊರಕೆಯಲ್ಲಿ ತೊಳೆಯಿಸಿದೆವು.

ಪೀಣ್ಯದ ಕಡೆಯವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಅಲ್ಲಿ ಲೋಹಲೇಪನದ ಘಟಕಗಳಿವೆ, ಅಂತರ್ಜಲದಲ್ಲಿ ಕ್ರೋಮಿಯಂ ಕಂಡದ್ದೂ ಉಂಟು. ಕುದಿಸಿದರೆ ರೋಗಾಣು ಸಾಯುತ್ತದೆ, ಲೋಹ ಹೋಗುವುದಿಲ್ಲ. ನೆರೆ ನುಗ್ಗಿದ ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕೊಡದೆ ಅಲ್ಲಿ ಕುಡಿಯಬಾರದು. ಎಲ್ಲೆಡೆಯೂ ಕೆಸರು ತೆಗೆಯುವಾಗ ಕೈಗವಸು, ಬೂಟು ಇರಲಿ. ವಾರ ಎರಡು ವಾರದ ಮೇಲೆ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪಾಗುವುದು ಕಂಡರೆ ಇಲಿಜ್ವರದ ಅನುಮಾನವಿದೆಯೆಂದು, ನೆರೆನೀರಿನಲ್ಲಿ ನಡೆದಿದ್ದೆನೆಂದು ವೈದ್ಯರಿಗೆ ತಾವಾಗಿಯೇ ಹೇಳಬೇಕು. ಅವರು ಕೇಳದಿರಬಹುದು.

ಯಲಹಂಕದಲ್ಲಿ ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರವಿದೆ. 1988ರಲ್ಲಿ ಬರಗಾಲವನ್ನು ಗಮನಿಸಲೆಂದು ಹುಟ್ಟಿದ್ದು, 2007ರಲ್ಲಿ ಎಲ್ಲ ವಿಕೋಪಗಳಿಗೂ ವಿಸ್ತರಿಸಿತು. ಮಳೆಯ ಮುನ್ಸೂಚನೆ ಈಗ ಅಂಗೈಯ ಮೊಬೈಲಿಗೇ ಬರುತ್ತದೆ. ಆದರೆ ನೀರು ನಿಮ್ಮ ಮನೆಗೆ ಯಾವ ದಾರಿಯಿಂದ ಬರುತ್ತದೆಂದು ಅದು ಹೇಳದು. ಅದಕ್ಕೆ ಹಳೆಯ ಗ್ರಾಮನಕ್ಷೆ ನೋಡಬೇಕು. ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರುಗಳ ಜೊತೆ ಕೆರೆ, ಹಳ್ಳಗಳೂ ಕಾಣುತ್ತವೆ.

2023ರ ಜನವರಿಯ ಒಂದು ಭಾನುವಾರ ಆಕೆ, ಅವಳ ಮಗ, ನಾನು ಆ ನಕ್ಷೆ ಹಿಡಿದು ಮೇಲಿನ ಕೆರೆಯ ಕೋಡಿಯಿಂದ ಅವರ ಮನೆಯವರೆಗೆ ನಡೆದೆವು. ಕೋಡಿಯ ಕಲ್ಲು ಇನ್ನೂ ಇದೆ. ಸ್ವಲ್ಪ ದೂರ ಕಾಲುವೆಯೂ ಇದೆ. ಆಮೇಲೆ ಅದು ಒಂದು ಎತ್ತರದ ಕಾಂಪೌಂಡ್ ಗೋಡೆಯ ಬುಡದಲ್ಲಿ ಎರಡು ಸಿಮೆಂಟ್ ಕೊಳವೆಗಳಾಗಿ ಒಳಹೋಗುತ್ತದೆ. ಅಲ್ಲಿ ಎಮ್ಮೆ ಕಟ್ಟಿಕೊಂಡು ಕುಳಿತಿದ್ದ ವೃದ್ಧರನ್ನು ಕೇಳಿದೆವು. ಹಿಂದೆ ಇದರೊಳಗೆ ಎರಡು ಗಾಡಿ ಜೊತೆಜೊತೆಯಾಗಿ ಇಳಿಯುತ್ತಿದ್ದವು ಎಂದು ಅವರು ಕೈಯಗಲಿಸಿ ತೋರಿಸಿದರು. ಹುಡುಗ ತನ್ನ ಹೆಜ್ಜೆಗಳಲ್ಲಿ ಅಳೆದು ನೋಟ್‌ಪುಸ್ತಕದಲ್ಲಿ ಬರೆದುಕೊಂಡ. ಕಾಲುವೆಯ ಹಳೆಯ ಅಗಲ ಹನ್ನೆರಡು ಹೆಜ್ಜೆ, ಕೊಳವೆಗಳೆರಡೂ ಸೇರಿ ಮೂರು. ಆ ಪುಟದ ಪ್ರತಿಯನ್ನು ಲಗತ್ತಿಸಿ ಆಕೆ ಪಾಲಿಕೆಗೆ ಅರ್ಜಿ ಕೊಟ್ಟಳು. ಮನೆಯಲ್ಲಿ ಇನ್ವರ್ಟರನ್ನೂ ಪ್ಲಗ್ಗುಗಳನ್ನೂ ಕೆಸರಿನ ಗೆರೆಯಿಂದ ಒಂದಡಿ ಮೇಲಕ್ಕೆ ಹಾಕಿಸಿದ್ದಾಳೆ. ಗೋಡೆಗೆ ಸುಣ್ಣ ಬಳಿಸಿದರೂ ಆ ಗೆರೆಯೊಂದನ್ನು ಅಳಿಸಲಿಲ್ಲ, ಪಕ್ಕದಲ್ಲಿ ದಿನಾಂಕ ಬರೆಸಿದ್ದಾಳೆ. ಪಾಲಿಕೆ 2025ರಲ್ಲಿ ಐದಾಗಿ ಒಡೆದ ಮೇಲೆ ಅರ್ಜಿಯನ್ನು ಹೊಸ ಕಚೇರಿಗೆ ಇನ್ನೊಮ್ಮೆ ಕೊಟ್ಟುಬಂದಳು. ಕೊಳವೆಗಳು ಎರಡೇ ಇವೆ.